ಬೇರೆ ಕಡೆಯಿಂದ ತಂದ ವಿಎಂ ಡಿಸ್ಕ್ ಬೂಟ್ ಆಗುತ್ತಿಲ್ಲವಾ? ಯಾವ ದಾರಿ ಹಿಡಿಯಬೇಕು ಅನ್ನುವುದಕ್ಕೆ ಒಂದು ಹೋಲಿಕೆ

ಹಳೆ ಸರ್ವರಿನಿಂದ ವಿಎಂ (ವರ್ಚುವಲ್ ಮೆಷಿನ್, ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಓಡುವ ಇನ್ನೊಂದು ಕಂಪ್ಯೂಟರ್) ಡಿಸ್ಕ್ ಇಮೇಜ್, ಅಂದರೆ ಅದರ ಇಡೀ ಡಿಸ್ಕನ್ನು ಹಿಡಿದಿಟ್ಟ ಫೈಲ್ ತಂದಿದ್ದೀರಿ. ಗಂಟೆಗಟ್ಟಲೆ ಕಾಪಿ ಆಗಿದೆ. ಹೊಸ ಕಡೆ ಸೇರಿಸಿ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು ಇಂಗ್ಲಿಷ್. ಈಗ ಏನು ಮಾಡುವುದು? ಬೂಟ್ ರಿಪೇರಿ ಮಾಡಬೇಕಾ, ಇನ್ನೊಂದು ಸಲ ಕನ್ವರ್ಟ್ ಮಾಡಬೇಕಾ, ವರ್ಟ್-ವಿ2ವಿ ಅನ್ನುವ ವಿಎಂ ಬದಲಿಸುವ ಟೂಲ್ ಓಡಿಸಬೇಕಾ, ಇಲ್ಲ ಸುಮ್ನೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಡೇಟಾ ಮಾತ್ರ ಎತ್ತಿಕೊಳ್ಳಬೇಕಾ?

ಬೆಂಗಳೂರಿನಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಬೀಳುವುದು ಈಚೆಗೆ ಜಾಸ್ತಿ ಆಗಿದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ, ವಿಎಂ ಓಡಿಸುವ ಸಾಫ್ಟ್‌ವೇರ್ ಮಾಡುವ ವಿಎಂವೇರನ್ನು ಕೊಂಡುಕೊಂಡಿತು. ಮುಂದಿನ ತಿಂಗಳೇ ಒಂದು ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳುವ ಲೈಸೆನ್ಸ್ ಮಾರುವುದು ನಿಂತಿತು. 2024ರ ಫೆಬ್ರವರಿಯಲ್ಲಿ ಸರ್ವರಿನ ಮೇಲೆ ವಿಎಂ ಓಡಿಸುವ ಅವರ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ಕೂಡ ನಿಂತಿತು. 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ವಾಪಸ್ ಬಂತು ನಿಜ, ಆದರೆ ಅಷ್ಟರಲ್ಲಿ ನನಗೆ ಗೊತ್ತಿರುವ ಎಷ್ಟೋ ಸಣ್ಣ ಕಚೇರಿಗಳು ಅಂಥದ್ದೇ ಬೇರೆ ಸಾಫ್ಟ್‌ವೇರುಗಳಾದ ಪ್ರಾಕ್ಸ್‌ಮಾಕ್ಸ್ ಕಡೆಗೋ ಮೈಕ್ರೋಸಾಫ್ಟಿನ ಹೈಪರ್-ವಿ ಕಡೆಗೋ ಹೊರಟಾಗಿತ್ತು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ನನಗೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. ಅವರ ಲೆಕ್ಕಪತ್ರದ ಸಾಫ್ಟ್‌ವೇರ್ ಇದ್ದದ್ದು ಒಂದು ವಿಂಡೋಸ್ ಸರ್ವರ್ ವಿಎಂ ಒಳಗೆ. ಶನಿವಾರ ರಾತ್ರಿ ಅದನ್ನು ಪ್ರಾಕ್ಸ್‌ಮಾಕ್ಸಿಗೆ ತಂದಿದ್ದರು, ಬೂಟ್ ಆಗಲಿಲ್ಲ. ನಾನು ಹೋಗುವಷ್ಟರಲ್ಲಿ ಅಲ್ಲಿನ ಹುಡುಗ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಸಿಡಿಯ ಫೈಲ್ ರೂಪ) ಹಾಕಿ ರಿಪೇರಿ ಶುರು ಮಾಡಿದ್ದ, 100 ಎಂಬಿಯ ಒಂದು ಪಾರ್ಟಿಷನ್ (ಡಿಸ್ಕಿನ ಭಾಗ) ಯಾಕಿದೆ ಅಂತ ಗೊತ್ತಾಗದೆ ಅದನ್ನು ಅಳಿಸಿಬಿಟ್ಟಿದ್ದ. ಅದೇ ಇಎಫ್‌ಐ ಪಾರ್ಟಿಷನ್, ವಿಂಡೋಸ್ ಬೂಟ್ ಆಗುವುದೇ ಅದರಿಂದ. ಹಳೆ ಸರ್ವರನ್ನು ಆಗಲೇ ಫಾರ್ಮ್ಯಾಟ್ ಮಾಡಿ ಪ್ರಾಕ್ಸ್‌ಮಾಕ್ಸ್ ಹಾಕಿದ್ದರಿಂದ ಕೈಯಲ್ಲಿದ್ದದ್ದು ಆ ಒಂದೇ ಕಾಪಿ. ತಂದ ಡಿಸ್ಕಿನಲ್ಲಿ ಮೊದಲು ಯಾವ ದೋಷವೂ ಇರಲಿಲ್ಲ. ಹೊಸ ವಿಎಂನಲ್ಲಿ ಒಂದು ಸೆಟ್ಟಿಂಗ್ ತಪ್ಪಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ ಇಡೀ ಭಾನುವಾರವನ್ನು ತಿಂದಿತು.

ಹಾಗಾಗಿ ಯಾವ ದಾರಿ ಅಂತ ನೋಡುವ ಮೊದಲು ಒಂದು ಮಾತು. ತಂದ ಫೈಲಿನ ಮೇಲೆ ನೇರವಾಗಿ ಏನೂ ಮಾಡಬೇಡಿ. ಜಾಗ ಇದ್ದರೆ ಇನ್ನೊಂದು ಕಾಪಿ ಮಾಡಿ. ಜಾಗ ಇಲ್ಲದಿದ್ದರೆ ಕ್ಯೂಎಮು ಅನ್ನುವ ವಿಎಂ ಸಾಫ್ಟ್‌ವೇರ್ ಜೊತೆ ಬರುವ ಇಮೇಜ್ ಟೂಲಿನಿಂದ ಮೂಲ ಫೈಲನ್ನು ಕೆಳಗಿಟ್ಟು ಅದರ ಮೇಲೆ ಒಂದು ತೆಳು ಕ್ಯೂಕೌ2 (ಕ್ಯೂಎಮುವಿನ ಡಿಸ್ಕ್ ಫೈಲ್ ಬಗೆ) ಪದರ ಮಾಡಿಕೊಳ್ಳಬಹುದು. ನೀವು ಮಾಡುವ ಬದಲಾವಣೆಯೆಲ್ಲ ಮೇಲಿನ ಪದರದಲ್ಲೇ ಉಳಿಯುತ್ತದೆ, ಕೆಟ್ಟರೆ ಆ ಪದರ ಬಿಸಾಡಿ ಮತ್ತೆ ಶುರು ಮಾಡಬಹುದು. ಪ್ರಾಕ್ಸ್‌ಮಾಕ್ಸ್, ಹೈಪರ್-ವಿ, ವರ್ಚುವಲ್‌ಬಾಕ್ಸ್ ಎಲ್ಲದರಲ್ಲೂ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಇದೆ, ಅದನ್ನು ತೆಗೆದುಕೊಂಡರೂ ಆಯಿತು. ಎಸ್.ಪಿ. ರೋಡಿಗೆ ಹೋಗಿ ಒಂದು ಹೆಚ್ಚುವರಿ ಎಸ್‌ಎಸ್‌ಡಿ ತರುವ ಖರ್ಚು ಈ ಕೆಲಸದಲ್ಲಿ ನಿಜವಾಗಿಯೂ ಬೇಕಾದ ಖರ್ಚು. ಕೆಳಗೆ ಹೇಳುವ ಟೂಲುಗಳೆಲ್ಲ ಹೆಚ್ಚುಕಮ್ಮಿ ಉಚಿತ, ಹೋಗುವುದು ಸಮಯ ಮತ್ತು ಡಿಸ್ಕ್ ಜಾಗ.

ಯಾವುದರ ಮೇಲೆ ತೂಗಿ ನೋಡಬೇಕು

ಮೊದಲನೆಯದು, ಹಳೆ ಯಂತ್ರ ಇನ್ನೂ ಓಡುತ್ತಿದೆಯಾ? ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಓಡುತ್ತಿದ್ದರೆ ಹತ್ತರಲ್ಲಿ ಎಂಟು ತೊಂದರೆಗಳನ್ನು ಅಲ್ಲೇ ಸುಲಭವಾಗಿ ಸರಿಮಾಡಬಹುದು.

ಎರಡನೆಯದು, ನಿಮಗೆ ಬೇಕಾಗಿರುವುದು ಆ ಇಡೀ ಯಂತ್ರವಾ, ಅದರೊಳಗಿನ ಡೇಟಾ ಮಾತ್ರವಾ? ಲೈಸೆನ್ಸ್ ಅಂಟಿಕೊಂಡ ಹಳೆ ಸಾಫ್ಟ್‌ವೇರ್, ಸೆಟಪ್ ಫೈಲೇ ಸಿಗದ ಪ್ರೋಗ್ರಾಂ ಇದ್ದರೆ ಯಂತ್ರವೇ ಬೇಕು. ಬರೀ ಡೇಟಾಬೇಸ್, ಫೋಲ್ಡರ್, ವೆಬ್‌ಸೈಟ್ ಆದರೆ ಬೂಟ್ ಆಗಲೇಬೇಕು ಅಂತೇನಿಲ್ಲ.

ಆಮೇಲೆ, ಎಷ್ಟು ಯಂತ್ರಗಳಿವೆ. ಒಂದಕ್ಕೆ ಕೈಯಲ್ಲೇ ಮಾಡುವುದು ಸರಿ, ನಲವತ್ತಕ್ಕೆ ಅಲ್ಲ. ಕೆಲಸ ಎಷ್ಟು ಹೊತ್ತು ನಿಲ್ಲಬಹುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಕೊನೆಯದಾಗಿ, ಬೂಟ್ ಯಾವ ಹಂತದಲ್ಲಿ ನಿಂತಿದೆ? ಇದನ್ನು ನೋಡದೆ ದಾರಿ ಆರಿಸಬಾರದು. ಡಿಸ್ಕೇ ಸಿಗಲಿಲ್ಲ ಅಂತ ಪರದೆ ಹೇಳುತ್ತಿದ್ದರೆ, ನೆಟ್‌ವರ್ಕಿನಿಂದ ಬೂಟ್ ಮಾಡಲು ಹೋಗುತ್ತಿದ್ದರೆ, ಅಥವಾ ಯುಇಎಫ್‌ಐ (ಹೊಸ ಬಗೆಯ ಫರ್ಮ್‌ವೇರ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಶೆಲ್, ಅಂದರೆ ಕಮ್ಯಾಂಡ್ ಬರೆಯುವ ಪರದೆ ಬಂದು ನಿಂತಿದ್ದರೆ, ತೊಂದರೆ ಸಾಮಾನ್ಯವಾಗಿ ಡಿಸ್ಕಿನ ಹೊರಗಿರುತ್ತದೆ. ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ಬಂದು "ಗ್ರಬ್ ರೆಸ್ಕ್ಯೂ" ಅಂತ ನಿಂತರೆ ಬೂಟ್‌ಲೋಡರ್ ಶುರುವಾಗಿದೆ, ಆದರೆ ಅದಕ್ಕೆ ಮುಂದಿನ ಫೈಲ್ ಸಿಕ್ಕಿಲ್ಲ. ವಿಂಡೋಸ್ ಲೋಗೋ ಬಂದು ನೀಲಿ ಪರದೆ, ಅದರಲ್ಲಿ 0ಎಕ್ಸ್7ಬಿ, ಅಂದರೆ ಬೂಟ್ ಡಿಸ್ಕ್ ಕೈಗೆ ಸಿಗುತ್ತಿಲ್ಲ ಅನ್ನುವ ದೂರು ಬಂದರೆ ಡ್ರೈವರ್ ಇಲ್ಲ. ಲಿನಕ್ಸಿನಲ್ಲಿ ಡ್ರಾಕಟ್ (ಬೂಟ್ ಶುರುವಿನ ಫೈಲುಗಳನ್ನು ಕಟ್ಟುವ ಟೂಲ್) ತುಂಬಾ ಹೊತ್ತು ಕಾದು ಎಮರ್ಜೆನ್ಸಿ ಶೆಲ್ ಕೊಟ್ಟರೂ ಬಹುತೇಕ ಅದೇ ಕಥೆ. ಒಂದೂವರೆ ನಿಮಿಷ ಯಾವುದೋ ಡಿಸ್ಕಿಗೆ ಕಾದು ಆಮೇಲೆ ಎಮರ್ಜೆನ್ಸಿ ಮೋಡಿಗೆ ಬಿದ್ದರೆ ಅದು ಎಫ್‌ಎಸ್‌ಟ್ಯಾಬ್, ಅಂದರೆ ಯಾವ ಡಿಸ್ಕನ್ನು ಎಲ್ಲಿ ಸೇರಿಸಬೇಕು ಅಂತ ಬರೆದಿರುವ ಫೈಲಿನ ಕೆಲಸ. ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾರನ್ನಾದರೂ ಕೇಳುವಾಗ ಮೊದಲು ಬೇಕಾಗುವುದು ಅದೇ.

ದಾರಿ ಒಂದು: ಡಿಸ್ಕ್ ಮುಟ್ಟದೆ ವಿಎಂ ಸೆಟ್ಟಿಂಗ್ ಮಾತ್ರ ಬದಲಿಸುವುದು

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಖರ್ಚಿಲ್ಲ, ಅಪಾಯವಿಲ್ಲ, ಒಂದೊಂದು ಪ್ರಯತ್ನಕ್ಕೆ ಎರಡು ನಿಮಿಷ ಸಾಕು. ಡಿಸ್ಕ್ ಇಮೇಜ್ ಅಂದರೆ ಬರೀ ಡಿಸ್ಕ್ ಅಲ್ವಾ, ಅದು ಮೊದಲು ಯಾವ ಕಂಪ್ಯೂಟರಿನಲ್ಲಿ ಕೂತಿತ್ತು ಅನ್ನುವ ವಿವರ ಅದರ ಜೊತೆ ಬರುವುದಿಲ್ಲ. ಒವಿಎ (ಇಡೀ ವಿಎಂ ಕಟ್ಟಿದ ಪೊಟ್ಟಣ) ಫೈಲ್ ಆದರೆ ಒಳಗೆ ಒವಿಎಫ್ ಅನ್ನುವ ವಿವರದ ಫೈಲ್ ಇರುತ್ತದೆ, ಆದರೂ ಪ್ರತಿ ಸಾಫ್ಟ್‌ವೇರ್ ಅದನ್ನು ತನಗೆ ತಿಳಿದಷ್ಟು ಮಾತ್ರ ಓದುತ್ತದೆ.

ಮೊದಲು ಫರ್ಮ್‌ವೇರ್. ಹಳೆ ಕಡೆ ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಆದ ಯಂತ್ರವನ್ನು ಬಯೋಸ್ (ಹಳೆ ಬಗೆಯ ಫರ್ಮ್‌ವೇರ್) ವಿಎಂಗೆ ಸೇರಿಸಿದರೆ ಬೂಟ್ ಆಗುವುದಿಲ್ಲ, ಉಲ್ಟಾ ಆದರೂ ಇಲ್ಲ. ಪೀಣ್ಯದಲ್ಲಿ ಆಗಿದ್ದು ಇದೇ. ಪ್ರಾಕ್ಸ್‌ಮಾಕ್ಸಿನಲ್ಲಿ ಸೀಬಯೋಸ್ (ಬಯೋಸ್) ಬಿಟ್ಟು ಒವಿಎಂಎಫ್ (ಯುಇಎಫ್‌ಐ) ಆರಿಸಿ ಒಂದು ಇಎಫ್‌ಐ ಡಿಸ್ಕ್ ಸೇರಿಸಬೇಕು. ವರ್ಚುವಲ್‌ಬಾಕ್ಸಿನಲ್ಲಿ ಸಿಸ್ಟಂ ಸೆಟ್ಟಿಂಗಿನಲ್ಲಿ ಇಎಫ್‌ಐ ಟಿಕ್ ಇದೆ. ಹೈಪರ್-ವಿಯಲ್ಲಿ ಜನರೇಷನ್ 1 ಅಂದರೆ ಬಯೋಸ್, ಜನರೇಷನ್ 2 ಅಂದರೆ ಯುಇಎಫ್‌ಐ. ಒಂದು ಸಲ ಮಾಡಿದ ವಿಎಂನ ಜನರೇಷನ್ ಬದಲಿಸಲು ಬರುವುದಿಲ್ಲ, ಆದರೆ ಹೊಸ ವಿಎಂ ಮಾಡಿ ಅದೇ ಡಿಸ್ಕ್ ಸೇರಿಸಲು ಯಾವ ತೊಂದರೆಯೂ ಇಲ್ಲ. ಜನರೇಷನ್ 2ಕ್ಕೆ ವಿಎಚ್‌ಡಿಎಕ್ಸ್ ಬಗೆಯ ಡಿಸ್ಕ್ ಫೈಲೇ ಬೇಕು. ಲಿನಕ್ಸ್ ಆದರೆ ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲನ್ನು ಮಾತ್ರ ಬಿಡುವ ರಕ್ಷಣೆ) ಟೆಂಪ್ಲೇಟನ್ನು ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟಿನದಕ್ಕೆ ಬದಲಿಸಬೇಕು, ಇಲ್ಲವೇ ತಾತ್ಕಾಲಿಕವಾಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು.

ಯಾವುದಿತ್ತು ಅಂತ ನೆನಪಿಲ್ಲದಿದ್ದರೆ ಡಿಸ್ಕಿನ ಪಾರ್ಟಿಷನ್ ಪಟ್ಟಿ ನೋಡಿ. 100 ಎಂಬಿಯಿಂದ 600 ಎಂಬಿವರೆಗಿನ ಸಣ್ಣದೊಂದು ಫ್ಯಾಟ್ ಪಾರ್ಟಿಷನ್ ಇದ್ದು, ಅದರಲ್ಲಿ ಇಎಫ್‌ಐ ಫೋಲ್ಡರ್ ಇದ್ದರೆ ಅದು ಯುಇಎಫ್‌ಐ ಯಂತ್ರ ಅಂತ ತಿಳಿಯಬಹುದು.

ಯುಇಎಫ್‌ಐಗೆ ಬದಲಿಸಿದ ಮೇಲೂ ಶೆಲ್ ಬಂದು ನಿಲ್ಲುವುದುಂಟು. ಯಾವ ಫೈಲಿನಿಂದ ಬೂಟ್ ಆಗಬೇಕು ಅನ್ನುವ ಗುರುತು ಇರುವುದು ಡಿಸ್ಕಿನಲ್ಲಲ್ಲ, ಹಳೆ ವಿಎಂನ ಎನ್‌ವಿರಾಮಿನಲ್ಲಿ, ಅಂದರೆ ಫರ್ಮ್‌ವೇರಿನ ನೆನಪಿನಲ್ಲಿ. ಅದು ಅಲ್ಲೇ ಉಳಿದುಹೋಯಿತು. ವಿಂಡೋಸ್ ಸಾಮಾನ್ಯವಾಗಿ ಎಲ್ಲ ಫರ್ಮ್‌ವೇರೂ ಹುಡುಕುವ ಜಾಗದಲ್ಲಿ ಇನ್ನೊಂದು ಬೂಟ್ ಫೈಲ್ ಇಟ್ಟಿರುತ್ತದೆ, ಡೆಬಿಯನ್ ಲಿನಕ್ಸ್ ತಾನಾಗಿ ಇಡುವುದಿಲ್ಲ. ಫರ್ಮ್‌ವೇರ್ ಮೆನುವಿಗೆ ಹೋಗಿ, ಫೈಲಿನಿಂದ ಬೂಟ್ ಮಾಡು ಅನ್ನುವ ಆಯ್ಕೆಯಲ್ಲಿ ಇಎಫ್‌ಐ ಫೋಲ್ಡರಿನ ಒಳಗಿನ ಡೆಬಿಯನ್ ಫೋಲ್ಡರಿನಿಂದ ಶಿಮ್ ಅಥವಾ ಗ್ರಬ್ ಫೈಲನ್ನು ತೋರಿಸಿದರೆ ಯಂತ್ರ ಎದ್ದು ಕೂರುತ್ತದೆ. ಎದ್ದ ಮೇಲೆ ಗ್ರಬ್ಬನ್ನು ಒಂದು ಸಲ ಮರುಸ್ಥಾಪಿಸಿದರೆ ಗುರುತು ಹೊಸ ವಿಎಂನಲ್ಲಿ ಬರೆದುಕೊಳ್ಳುತ್ತದೆ.

ಎರಡನೆಯದು ಡಿಸ್ಕ್ ಕಂಟ್ರೋಲರ್. ಹೊಸ ಕಡೆ ವೇಗ ಸಿಗಲಿ ಅಂತ ಎಲ್ಲರೂ ಮೊದಲೇ ವರ್ಟ್‌ಐಒ (ವಿಎಂಗಳಿಗೆಂದೇ ಮಾಡಿದ ವೇಗದ ಕಂಟ್ರೋಲರ್ ಬಗೆ) ಹಾಕುತ್ತಾರೆ, ವಿಂಡೋಸಿಗೆ ಆ ಡ್ರೈವರ್ ಗೊತ್ತಿಲ್ಲ, ನೀಲಿ ಪರದೆ. ಡಿಸ್ಕನ್ನು ಮಾಮೂಲಿ ಬಗೆಗಳಾದ ಸಾಟಾ ಅಥವಾ ಐಡಿಇ ಆಗಿ ಸೇರಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ಎದ್ದುಬಿಡುತ್ತದೆ. ಎದ್ದ ಮೇಲೆ 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟ್‌ಐಒ ಸ್ಕಸಿ ಆಗಿ ಸೇರಿಸಿ, ವರ್ಟ್‌ಐಒ ಡ್ರೈವರಿನ ಐಎಸ್‌ಒದಿಂದ ಡ್ರೈವರ್ ಹಾಕಿ, ವಿಂಡೋಸ್ ಆ ಖಾಲಿ ಡಿಸ್ಕನ್ನು ಗುರುತಿಸಿತು ಅಂತ ನೋಡಿಕೊಂಡು, ಆಫ್ ಮಾಡಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕನ್ನು ವರ್ಟ್‌ಐಒ ಸ್ಕಸಿಗೆ ಬದಲಿಸಿ. ಮುಖ್ಯ ಡಿಸ್ಕನ್ನು ಬದಲಿಸುವ ಮೊದಲು ಆ ಖಾಲಿ ಡಿಸ್ಕಿನ ಹೆಜ್ಜೆ ಯಾಕೆ ಬೇಕು ಅಂದರೆ, ಆ ಕಂಟ್ರೋಲರ್ ಒಮ್ಮೆ ಕಣ್ಣಿಗೆ ಬಿದ್ದು ಡ್ರೈವರ್ ಕೂತ ಮೇಲಷ್ಟೇ ವಿಂಡೋಸ್ ಅದನ್ನು ಬೂಟ್ ಸಮಯದಲ್ಲಿ ಲೋಡ್ ಮಾಡುತ್ತದೆ. ಹಳೆ ಲೆಡ್ಜರ್ ನೋಡಲು ತಿಂಗಳಿಗೆ ಎರಡು ಸಲ ತೆರೆಯುವ ಯಂತ್ರವಾದರೆ ಸಾಟಾದಲ್ಲೇ ಬಿಟ್ಟುಬಿಡಿ. ಸ್ವಲ್ಪ ನಿಧಾನ, ಆದರೆ ಕೆಲಸ ನಡೆಯುತ್ತದೆ.

ಪ್ರಾಕ್ಸ್‌ಮಾಕ್ಸಿನಲ್ಲಿ ಇನ್ನೊಂದು ಸಣ್ಣ ವಿಷಯ ತುಂಬಾ ಜನರನ್ನು ಕಾಡುತ್ತದೆ. ಕಮ್ಯಾಂಡಿನಿಂದ ಡಿಸ್ಕ್ ಇಂಪೋರ್ಟ್ ಮಾಡಿದರೆ ಅದು "ಅನ್‌ಯೂಸ್ಡ್ ಡಿಸ್ಕ್" ಅಂತ ಪಟ್ಟಿಯಲ್ಲಿ ಸುಮ್ನೆ ಕೂತಿರುತ್ತದೆ. ಅದನ್ನು ವಿಎಂಗೆ ಸೇರಿಸಬೇಕು, ಸೇರಿಸಿದ ಮೇಲೆ ಬೂಟ್ ಆರ್ಡರಿನಲ್ಲಿ ಟಿಕ್ ಕೂಡ ಹಾಕಬೇಕು. ಎರಡೂ ಮಾಡದೆ ಡಿಸ್ಕ್ ಕೆಟ್ಟಿದೆ ಅಂತ ತೀರ್ಮಾನ ಮಾಡಿದವರನ್ನು ನೋಡಿದ್ದೇನೆ.

ಸಿಪಿಯು ವಿಷಯ ಚಿಕ್ಕದು. ರೆಡ್ ಹ್ಯಾಟ್ 9, ರಾಕಿ 9, ಆಲ್ಮಾ 9 ಈ ಲಿನಕ್ಸುಗಳಿಗೆ ಎಕ್ಸ್86-64-ವಿ2 ಮಟ್ಟದ ಸಿಪಿಯು ಬೇಕು. ವಿಎಂನ ಸಿಪಿಯು ಪ್ರಕಾರ ಹಳೆಯ ಕೆವಿಎಂ64 ಆಗಿದ್ದರೆ ಕರ್ನಲ್ ಶುರುವಾದ ಕೂಡಲೇ ಬೀಳುತ್ತದೆ. ಹೋಸ್ಟ್ ಅಂತ ಬದಲಿಸಿ ನೋಡಿ.

ಇದೇ ಜಾತಿಯ, ಆದರೆ ಸೆಟ್ಟಿಂಗಿನಿಂದ ಬಗೆಹರಿಯದ ಒಂದು ಪ್ರಶ್ನೆ ವಿದ್ಯಾರ್ಥಿಗಳಿಂದ ಬರುತ್ತದೆ. ಬನಶಂಕರಿಯ ಒಬ್ಬ ಹುಡುಗಿ, ಕಾಲೇಜಿನಲ್ಲಿ ಲ್ಯಾಬಿಗೆ ಅಂತ ಒವಿಎ ಕೊಟ್ಟಿದ್ದರು, ಅವಳ ಹತ್ತಿರ ಇದ್ದದ್ದು ಎಂ1 ಮ್ಯಾಕ್‌ಬುಕ್. ಮೂರು ದಿನ ಒದ್ದಾಡಿದ್ದಳು. ಆ ಇಮೇಜ್ ಇಂಟೆಲ್ ಮಾದರಿ ಸಿಪಿಯುಗೆ ಮಾಡಿದ್ದು, ಆಪಲ್ ಸಿಲಿಕಾನ್ ಎಆರ್‌ಎಂ. ಯುಟಿಎಂ ಅನ್ನುವ ಸಾಫ್ಟ್‌ವೇರ್ ಹಾಕಿ ಎಮ್ಯುಲೇಷನ್ (ಬೇರೆ ಸಿಪಿಯುವಿನ ಅನುಕರಣೆ) ಮಾಡಿಸಬಹುದು, ಆದರೆ ತುಂಬಾ ನಿಧಾನ, ಡೆಸ್ಕ್‌ಟಾಪ್ ಇರುವ ಲಿನಕ್ಸಿಗೆ ನಾನು ಅದನ್ನು ಹೇಳುವುದಿಲ್ಲ. ಎಆರ್‌ಎಂ ಉಬುಂಟು ಹೊಸದಾಗಿ ಹಾಕಿಕೊಂಡು ಲ್ಯಾಬಿಗೆ ಬೇಕಾದ ಪ್ಯಾಕೇಜ್ ಸೇರಿಸಿಕೊಳ್ಳುವುದು, ಇಲ್ಲವೇ ಮನೆಯಲ್ಲಿರುವ ಹಳೆಯ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಓಡಿಸುವುದು ಒಳ್ಳೆಯದು. ಅವಳು ಅಣ್ಣನ ಹಳೆ ಲ್ಯಾಪ್‌ಟಾಪ್ ತೆಗೆದುಕೊಂಡಳು, ಸಂಜೆಯೊಳಗೆ ಲ್ಯಾಬ್ ಮುಗಿಯಿತು.

ದಾರಿ ಎರಡು: ಫೈಲೇ ಸರಿಯಾಗಿ ಬಂದಿಲ್ಲ, ಮತ್ತೆ ತರುವುದು

ಸೆಟ್ಟಿಂಗ್ ಎಲ್ಲ ತಿರುಗಿಸಿ ನೋಡಿದ ಮೇಲೂ ಪಾರ್ಟಿಷನ್ನುಗಳೇ ಕಾಣುತ್ತಿಲ್ಲ ಅಂದರೆ ಫೈಲಿನ ಮೇಲೆ ಅನುಮಾನ ಪಡಬೇಕು. ವಿಎಂವೇರಿನ ಡಿಸ್ಕ್ ಫೈಲ್ ಆದ ವಿಎಂಡಿಕೆ ವಿಷಯದಲ್ಲಿ ಆಗುವ ಸಾಮಾನ್ಯ ತಪ್ಪು ಏನೆಂದರೆ, ಎರಡು ಫೈಲುಗಳಲ್ಲಿ ಒಂದನ್ನೇ ತರುವುದು. ಚಿಕ್ಕದು ಕೆಲವು ನೂರು ಬೈಟಿನ ಪಠ್ಯ, ಬರೀ ವಿವರ. ನಿಜವಾದ ಡೇಟಾ ಇರುವುದು ಹೆಸರಿನಲ್ಲಿ "ಫ್ಲ್ಯಾಟ್" ಇರುವ ದೊಡ್ಡ ಫೈಲಿನಲ್ಲಿ. ವಿಎಂವೇರ್ ವರ್ಕ್‌ಸ್ಟೇಷನ್ನಿನಿಂದ ತಂದರೆ ಎಸ್001, ಎಸ್002 ಅಂತ ಹತ್ತಾರು ತುಂಡುಗಳಿರಬಹುದು, ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು.

ಸ್ನ್ಯಾಪ್‌ಶಾಟ್ ಇದ್ದರೆ ಇನ್ನೂ ಮೋಸ. ಹೆಸರಿನ ಕೊನೆಯಲ್ಲಿ 000001 ಅಂತ ಇರುವ ಫೈಲಿನಲ್ಲಿ ಸ್ನ್ಯಾಪ್‌ಶಾಟ್ ಆದ ಮೇಲಿನ ಬದಲಾವಣೆ ಮಾತ್ರ ಇರುತ್ತದೆ. ಮೂಲ ಫೈಲ್ ಮಾತ್ರ ತಂದರೆ ಯಂತ್ರ ಬೂಟ್ ಆಗಬಹುದು, ಆದರೆ ಆರು ತಿಂಗಳ ಹಿಂದಿನ ಸ್ಥಿತಿಯಲ್ಲಿ. ಅಂಥದ್ದು ಬೂಟ್ ಆಗದೆ ಇರುವುದಕ್ಕಿಂತ ಅಪಾಯ, ಯಾಕೆಂದರೆ ತಕ್ಷಣ ಯಾರಿಗೂ ಗೊತ್ತಾಗುವುದಿಲ್ಲ. ಹಳೆ ಕಡೆ ಸ್ನ್ಯಾಪ್‌ಶಾಟುಗಳನ್ನು ಡಿಲೀಟ್ ಮಾಡಿ ಒಂದುಗೂಡಿಸಿ, ಯಂತ್ರ ಪೂರ್ತಿ ಆಫ್ ಮಾಡಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ.

ಪೆನ್‌ಡ್ರೈವಿನಲ್ಲಿ ತರುವವರು ಗಮನಿಸಿ, ಫ್ಯಾಟ್32 ಫಾರ್ಮ್ಯಾಟಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಎರಡೂ ಕಡೆ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚು ಇದ್ದಂತೆ) ತೆಗೆದು ಹೋಲಿಸಿ. ಕಾಪಿ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟು ಅರ್ಧಂಬರ್ಧ ಬಂದ ಫೈಲುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಮತ್ತೆ ತರುವುದರ ಬೆಲೆ ಸಮಯ. 80 ಜಿಬಿ ಫೈಲ್ 100 ಎಂಬಿಪಿಎಸ್ ಲೈನಿನಲ್ಲಿ ಪೂರ್ತಿ ವೇಗ ಸಿಕ್ಕಿದರೂ ಸುಮಾರು 1 ಗಂಟೆ 47 ನಿಮಿಷ ಹಿಡಿಯುತ್ತದೆ. ಹಳೆ ಯಂತ್ರ ಇಲ್ಲದಿದ್ದರೆ ಈ ದಾರಿಯೇ ಇಲ್ಲ.

ದಾರಿ ಮೂರು: ಒಳಗೆ ಇಳಿದು ರಿಪೇರಿ

ಇದಕ್ಕೆ ಸ್ವಲ್ಪ ಕೈ ಪಳಗಿರಬೇಕು. ಹಳೆ ಯಂತ್ರ ಇಲ್ಲ, ಯಂತ್ರವೇ ಬೇಕು, ಒಂದೇ ಒಂದು ಇದೆ ಅನ್ನುವವರಿಗೆ ಇದು ಸರಿ.

ಲಿನಕ್ಸಿನಲ್ಲಿ ಹೆಚ್ಚಿನ ಸಲ ಸಮಸ್ಯೆ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್ ಶುರುವಿಗೆ ಬೇಕಾದ ಡ್ರೈವರುಗಳ ಗಂಟು. ರೆಡ್ ಹ್ಯಾಟ್ ಮನೆತನದ ಡಿಸ್ಟ್ರೋಗಳಲ್ಲಿ ಡ್ರಾಕಟ್ ಆ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ತುಂಬಿರುತ್ತದೆ. ವಿಎಂವೇರಿನಲ್ಲಿದ್ದಾಗ ವರ್ಟ್‌ಐಒ ಬೇಕಿರಲಿಲ್ಲ, ಹಾಗಾಗಿ ಒಳಗಿಲ್ಲ. ಆದರೆ ಗ್ರಬ್ ಮೆನುವಿನ ಕೊನೆಯಲ್ಲಿ "ರೆಸ್ಕ್ಯೂ" ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಎಲ್ಲ ಡ್ರೈವರುಗಳೂ ಇರುತ್ತವೆ. ಅದನ್ನು ಆರಿಸಿ ಬೂಟ್ ಮಾಡಿ, ಒಳಗೆ ಹೋಗಿ ಡ್ರಾಕಟ್ಟನ್ನು ಎಲ್ಲ ಕರ್ನಲ್‌ಗಳಿಗೂ ಮತ್ತೆ ಓಡಿಸಿ, ಮುಗಿಯಿತು. ಯಾವ ಸಿಡಿಯೂ ಬೇಡ. ಡೆಬಿಯನ್, ಉಬುಂಟುಗಳಲ್ಲಿ ಮೊದಲಿನಿಂದಲೇ ಹೆಚ್ಚಿನ ಡ್ರೈವರ್ ತುಂಬಿರುವುದರಿಂದ ಈ ತೊಂದರೆ ಅಪರೂಪ. ಅಲ್ಲಿ ಕಾಡುವುದು ಎಫ್‌ಎಸ್‌ಟ್ಯಾಬಿನಲ್ಲಿ ಎಸ್‌ಡಿಎ1, ಎಸ್‌ಡಿಬಿ1 ಅಂತ ಬರೆದಿಟ್ಟಿರುವುದು. ಹೊಸ ಕಡೆ ಅದೇ ಡಿಸ್ಕಿನ ಹೆಸರು ವಿಡಿಎ1 ಆಗಿರಬಹುದು. ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತು ಸಂಖ್ಯೆ) ಬರೆದರೆ ಎಲ್ಲಿಗೆ ಹೋದರೂ ಸರಿ. ಎರಡನೇ ಡಿಸ್ಕನ್ನು ತರುವುದೇ ಮರೆತಿದ್ದೀರಾ ಅಂತಲೂ ನೋಡಿ.

ಗ್ರಬ್ಬೇ ಕೆಟ್ಟಿದ್ದರೆ ಸಿಸ್ಟಂರೆಸ್ಕ್ಯೂ ಐಎಸ್‌ಒದಿಂದ ಬೂಟ್ ಮಾಡಿ, ರೂಟ್, ಬೂಟ್, ಇಎಫ್‌ಐ ಪಾರ್ಟಿಷನ್ನುಗಳನ್ನು ಮೌಂಟ್ ಮಾಡಿ, ಚ್‌ರೂಟ್ ಆಗಿ (ಆ ಯಂತ್ರದ ಒಳಗೇ ಇಳಿದಂತೆ) ಗ್ರಬ್ ಮತ್ತೆ ಹಾಕಬೇಕು. ಒಂದು ಎಚ್ಚರ: ರಿಪೇರಿ ಐಎಸ್‌ಒ ಕೂಡ ಯಂತ್ರ ಯಾವ ಫರ್ಮ್‌ವೇರಿನದೋ ಅದರಲ್ಲೇ ಬೂಟ್ ಆಗಿರಬೇಕು. ಬಯೋಸಿನಲ್ಲಿ ಬೂಟ್ ಆಗಿ ಯುಇಎಫ್‌ಐ ಗ್ರಬ್ ಹಾಕಲು ಹೋದರೆ ಇನ್ನಷ್ಟು ಗೋಜಲು.

ವಿಂಡೋಸಿನಲ್ಲಿ ಸ್ಟಾರ್ಟಪ್ ರಿಪೇರಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಡ್ರೈವರ್ ಇಲ್ಲದ ಸಮಸ್ಯೆಗೆ ಅದು ಏನೂ ಮಾಡುವುದಿಲ್ಲ, ಹತ್ತು ಸಲ ಓಡಿಸಿದರೂ ಅಷ್ಟೇ. ಪೀಣ್ಯದಲ್ಲಿ ಕೊನೆಗೆ ಮಾಡಿದ್ದು ಹೀಗೆ: ಫರ್ಮ್‌ವೇರ್ ಒವಿಎಂಎಫ್ ಮಾಡಿ, ಡಿಸ್ಕನ್ನು ಸಾಟಾಗೆ ಹಾಕಿ, ವಿಂಡೋಸ್ ಐಎಸ್‌ಒದಿಂದ ಬೂಟ್ ಮಾಡಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕ್‌ಪಾರ್ಟಿನಲ್ಲಿ ಅಳಿಸಿಹೋದ ಜಾಗದಲ್ಲೇ ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್ ಕೊಟ್ಟು, ಬಿಸಿಡಿಬೂಟ್ ಕಮ್ಯಾಂಡಿನಿಂದ ಬೂಟ್ ಫೈಲುಗಳನ್ನು ಮತ್ತೆ ಬರೆಸಿದೆ. ಕಮ್ಯಾಂಡ್ ಓಡಲು ಕೆಲವು ಸೆಕೆಂಡ್. ಅದಕ್ಕೆ ಮೊದಲು ಆ ಒಂದೇ ಕಾಪಿಯ ಇನ್ನೊಂದು ಕಾಪಿ ಮಾಡಿಕೊಳ್ಳಲು ಹೊರಗೆ ಹೋಗಿ ಡಿಸ್ಕ್ ತಂದು, ಕಾಪಿ ಮುಗಿಯುವವರೆಗೆ ಕೂತು, ಆಮೇಲೆ ಪಾರ್ಟಿಷನ್ನುಗಳನ್ನು ಒಂದೊಂದಾಗಿ ನೋಡಿ ಏನಾಗಿದೆ ಅಂತ ತಿಳಿಯುವಷ್ಟರಲ್ಲಿ ಸಂಜೆ ಆಗಿತ್ತು.

ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿದ ಡಿಸ್ಕ್ ಆದರೆ ರಿಕವರಿ ಕೀ ಇಲ್ಲದೆ ಈ ದಾರಿಗೆ ಇಳಿಯಬೇಡಿ. ಡಿಸ್ಕನ್ನು ತಾನಾಗಿ ತೆರೆಯುವ ಕೀ ಸಾಮಾನ್ಯವಾಗಿ ಹಳೆ ವಿಎಂನ ಟಿಪಿಎಂ (ಭದ್ರತಾ ಚಿಪ್) ಜೊತೆಗೇ ಉಳಿದಿರುತ್ತದೆ.

ದಾರಿ ನಾಲ್ಕು: ವರ್ಟ್-ವಿ2ವಿ

ವಿಎಂವೇರಿನಿಂದ ಕೆವಿಎಂ (ಪ್ರಾಕ್ಸ್‌ಮಾಕ್ಸಿನ ಒಳಗೂ ಇರುವ ಲಿನಕ್ಸಿನ ವಿಎಂ ವ್ಯವಸ್ಥೆ) ಕಡೆಗೆ ಬರುವವರಿಗೆ ಮಾಡಿದ ಉಚಿತ ಟೂಲ್ ಇದು. ಬರೀ ಫಾರ್ಮ್ಯಾಟ್ ಬದಲಿಸುವ ಕನ್ವರ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಕನ್ವರ್ಟ್ ಡಬ್ಬಿ ಮಾತ್ರ ಬದಲಿಸುತ್ತದೆ. ವರ್ಟ್-ವಿ2ವಿ ಡಬ್ಬಿ ಬಿಚ್ಚಿ ಒಳಗೆ ಹೋಗಿ, ಲಿನಕ್ಸಾದರೆ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ ಡಿಸ್ಕಿನ ಹೆಸರು ಸರಿಮಾಡಿ, ವಿಂಡೋಸಾದರೆ ವರ್ಟ್‌ಐಒ ಡ್ರೈವರ್ ಕೂರಿಸಿ ಕೊಡುತ್ತದೆ. ಒಂದನೇ ದಾರಿಯ ಅರ್ಧ ಕೆಲಸ, ಮೂರನೇ ದಾರಿಯ ಮುಕ್ಕಾಲು ಕೆಲಸ ತಾನೇ ಮಾಡುತ್ತದೆ. ಹತ್ತಕ್ಕಿಂತ ಜಾಸ್ತಿ ಯಂತ್ರ ಇದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ, ಒಂದು ಸ್ಕ್ರಿಪ್ಟ್ ಬರೆದು ರಾತ್ರಿಯಿಡೀ ಓಡಿಸಬಹುದು.

ಮಿತಿಗಳೂ ಇವೆ. ಲಿನಕ್ಸ್ ಯಂತ್ರ ಬೇಕು, ಮೂಲ ಮತ್ತು ಹೊಸದು ಎರಡಕ್ಕೂ ಜಾಗ ಬೇಕು. ಸ್ನ್ಯಾಪ್‌ಶಾಟ್ ಇತಿಹಾಸ ಬರುವುದಿಲ್ಲ. ಬಯೋಸಿನಿಂದ ಯುಇಎಫ್‌ಐಗೆ ಬದಲಿಸುವುದಿಲ್ಲ, ಹೇಗಿತ್ತೋ ಹಾಗೇ ಇಡುತ್ತದೆ. ವಿಂಡೋಸ್ ಫಾಸ್ಟ್ ಸ್ಟಾರ್ಟಪ್ ಇದ್ದು ಅರ್ಧ ನಿದ್ದೆಯಲ್ಲಿ ಆಫ್ ಆಗಿದ್ದರೆ ಡಿಸ್ಕಿಗೆ ಬರೆಯಲು ಒಪ್ಪುವುದಿಲ್ಲ, ಹಾಗಾಗಿ ಮೊದಲು ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿರಬೇಕು. ತುಂಬಾ ಹಳೆಯ ವಿಂಡೋಸಿಗೆ ಹೊಸ ವರ್ಟ್‌ಐಒ ಡ್ರೈವರ್ ಹೊಂದುವುದಿಲ್ಲ, ಆ ಕಾಲದ ಐಎಸ್‌ಒ ಹುಡುಕಬೇಕು.

ದಾರಿ ಐದು: ಹಳೆ ಯಂತ್ರಕ್ಕೆ ವಾಪಸ್ ಹೋಗಿ ತಯಾರಿ ಮಾಡಿ ತರುವುದು

ಹಳೆಯದು ಓಡುತ್ತಿದ್ದರೆ, ಒಂದನೇ ದಾರಿ ಕೈಕೊಟ್ಟ ಮೇಲೆ ನನ್ನ ಮೊದಲ ಆಯ್ಕೆ ಇದು. ಮೂರನೇ ದಾರಿಯಲ್ಲಿ ಕಗ್ಗತ್ತಲಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬೆಳಕಿನಲ್ಲಿ ಮಾಡುತ್ತೀರಿ. ವರ್ಟ್‌ಐಒ ಡ್ರೈವರ್ ಅಲ್ಲೇ ಹಾಕಿ. ಎಫ್‌ಎಸ್‌ಟ್ಯಾಬನ್ನು ಯುಯುಐಡಿಗೆ ಬದಲಿಸಿ. ಡ್ರಾಕಟ್ ಓಡಿಸಿ. ಬಿಟ್‌ಲಾಕರ್ ಇದ್ದರೆ ಕೀ ತೆಗೆದಿಟ್ಟು ಸಸ್ಪೆಂಡ್ ಮಾಡಿ. ವಿಎಂವೇರ್ ಟೂಲ್ಸನ್ನು ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ, ಯಾಕೆಂದರೆ ಹೊರಗೆ ಬಂದ ಮೇಲೆ ಅದರ ಅನ್‌ಇನ್‌ಸ್ಟಾಲರ್ ಓಡಲು ಒಪ್ಪುವುದಿಲ್ಲ. ಫರ್ಮ್‌ವೇರ್ ಯಾವುದು, ಎಷ್ಟು ಡಿಸ್ಕ್, ಯಾವ ಕ್ರಮ, ಐಪಿ ವಿಳಾಸ, ಮ್ಯಾಕ್ ವಿಳಾಸ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತೊಂದರೆ ಒಂದೇ, ಓಡುತ್ತಿರುವ ಯಂತ್ರವನ್ನು ಎರಡು ಮೂರು ಸಲ ನಿಲ್ಲಿಸಬೇಕಾಗುತ್ತದೆ. ಕಚೇರಿ ಭಾನುವಾರ ಮುಚ್ಚಿದ್ದರೆ ಅದು ದೊಡ್ಡ ಮಾತಲ್ಲ.

ಕ್ಲೌಡಿಗೆ ಕಳಿಸುವವರಿಗೂ ಇದೇ ದಾರಿ ಬೇಕು. ಮೈಕ್ರೋಸಾಫ್ಟಿನ ಅಜ್ಯೂರಿಗೆ ವಿಎಚ್‌ಡಿಎಕ್ಸ್ ಆಗುವುದಿಲ್ಲ, ಸ್ಥಿರ ಗಾತ್ರದ ವಿಎಚ್‌ಡಿ ಬೇಕು, ಗಾತ್ರ ಪೂರ್ಣ ಎಂಬಿಗಳಲ್ಲಿರಬೇಕು. ಅಮೆಜಾನಿನ ಎಡಬ್ಲ್ಯುಎಸ್ಸಿನ ಹೊಸ ಯಂತ್ರಗಳಿಗೆ ಎನ್‌ವಿಎಂಇ (ಡಿಸ್ಕ್) ಮತ್ತು ಇಎನ್‌ಎ (ನೆಟ್‌ವರ್ಕ್) ಡ್ರೈವರ್ ಒಳಗಿರಬೇಕು. ಅಲ್ಲಿ ಬೂಟ್ ಪರದೆ ನೋಡಿ ರಿಪೇರಿ ಮಾಡುವುದು ನಮ್ಮ ಮೇಜಿನ ಮೇಲಿನ ಸರ್ವರಿನಷ್ಟು ಸುಲಭವಲ್ಲ.

ದಾರಿ ಆರು: ಬೂಟ್ ಬಿಟ್ಟು ಡೇಟಾ ಎತ್ತಿಕೊಳ್ಳುವುದು

ಜನ ಇದನ್ನು ಸೋಲು ಅಂದುಕೊಳ್ಳುತ್ತಾರೆ. ನನಗೆ ಹಾಗನಿಸುವುದಿಲ್ಲ. ವಿಎಚ್‌ಡಿ, ವಿಎಚ್‌ಡಿಎಕ್ಸ್ ಫೈಲುಗಳನ್ನು ವಿಂಡೋಸಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಡ್ರೈವಿನಂತೆ ತೆರೆದುಕೊಳ್ಳುತ್ತವೆ. ವಿಎಂಡಿಕೆ, ವರ್ಚುವಲ್‌ಬಾಕ್ಸಿನ ವಿಡಿಐಗಳನ್ನು 7-ಜಿಪ್ ತೆರೆಯುತ್ತದೆ. ಲಿನಕ್ಸಿನಲ್ಲಿ ಗೆಸ್ಟ್‌ಮೌಂಟ್ ಅನ್ನುವುದನ್ನು ಓದಲು ಮಾತ್ರ ಅನ್ನುವ ಆಯ್ಕೆಯಲ್ಲಿ ಬಳಸಿ. ಒಂದು ವೆಬ್‌ಸೈಟ್, ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವ ಹಳೆಯ ಸೆಂಟ್‌ಒಎಸ್ 7 ಯಂತ್ರವನ್ನು ಎಬ್ಬಿಸಲು ಎರಡು ದಿನ ಕೊಡಬೇಡಿ. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್‌ಗಳೇ ನಿಂತಿವೆ. ಹೊಸ ಯಂತ್ರ ಹಾಕಿ ಡೇಟಾ ತುಂಬಿಸುವುದು ಹೇಗೂ ಇವತ್ತಲ್ಲ ನಾಳೆ ಮಾಡಲೇಬೇಕಾದ ಕೆಲಸ.

ಹಾಗಾದರೆ ನಿಮಗೆ ಯಾವುದು

ಒಂದೇ ಯಂತ್ರ, ಹಳೆಯದೂ ಓಡುತ್ತಿದೆ: ಒಂದನೇ ದಾರಿಗೆ ಅರ್ಧ ಗಂಟೆ ಕೊಡಿ, ಆಗದಿದ್ದರೆ ನೇರ ಐದನೆಯದು. ಒಂದೇ ಯಂತ್ರ, ಹಳೆಯದು ಇಲ್ಲ, ಸಾಫ್ಟ್‌ವೇರ್ ಮತ್ತೆ ಸಿಗುವಂಥದ್ದಲ್ಲ: ಕಾಪಿ ಮಾಡಿಟ್ಟು ಒಂದು, ಆಮೇಲೆ ಮೂರು. ನಿಮಗೆ ಕಮ್ಯಾಂಡ್ ಅಭ್ಯಾಸ ಇಲ್ಲದಿದ್ದರೆ ಮೂರನೆಯದಕ್ಕೆ ಗೊತ್ತಿರುವವರನ್ನು ಕರೆಯಿರಿ. ಅಲ್ಲಿ ಒಂದು ದಿನದ ಕೂಲಿ ಕೊಡುವುದು, ಡೇಟಾ ಹೋದ ಮೇಲೆ ಕೊಡುವುದಕ್ಕಿಂತ ಎಷ್ಟೋ ಕಮ್ಮಿ. ಹತ್ತಾರು ಯಂತ್ರ, ಗುರಿ ಪ್ರಾಕ್ಸ್‌ಮಾಕ್ಸ್ ಅಥವಾ ಬೇರೆ ಕೆವಿಎಂ: ವರ್ಟ್-ವಿ2ವಿ. ಎರಡು ಮೂರೇ ಇದ್ದು ಇಎಸ್‌ಎಕ್ಸ್‌ಐ ಇನ್ನೂ ಓಡುತ್ತಿದ್ದರೆ ಪ್ರಾಕ್ಸ್‌ಮಾಕ್ಸಿನಲ್ಲಿ 2024ರಿಂದ ಇರುವ ಇಂಪೋರ್ಟ್ ವಿಝಾರ್ಡ್ ಸಾಕು, ಫರ್ಮ್‌ವೇರ್ ವಿವರವನ್ನೂ ಅದು ಹಳೆ ಕಡೆಯಿಂದಲೇ ಓದಿಕೊಳ್ಳುತ್ತದೆ. ಡೇಟಾ ಮಾತ್ರ ಬೇಕು ಅಂದರೆ ಆರು. ಅದಕ್ಕೆ ಯಾರ ಅನುಮತಿಯೂ ಬೇಡ.

ಬೂಟ್ ಆದ ಮೇಲೆ ನೆಟ್‌ವರ್ಕ್ ಇಲ್ಲದಿದ್ದರೆ ಗಾಬರಿ ಬೇಡ. ವಿಎಂವೇರಿನಲ್ಲಿ ಇಎನ್‌ಎಸ್192 ಅಂತಿದ್ದ ಕಾರ್ಡಿನ ಹೆಸರು ಪ್ರಾಕ್ಸ್‌ಮಾಕ್ಸಿನಲ್ಲಿ ಇಎನ್‌ಎಸ್18 ಆಗಿರುತ್ತದೆ. ನೆಟ್‌ವರ್ಕ್ ಫೈಲಿನಲ್ಲಿ ಹೆಸರು ಬದಲಿಸಿದರೆ ಸಾಕು. ವಿಂಡೋಸಿನಲ್ಲಿ ಸ್ಥಿರ ಐಪಿಯನ್ನು ಹೊಸ ಕಾರ್ಡಿಗೆ ಮತ್ತೆ ಕೊಡಬೇಕು.

ಇನ್ನು ಹಳೆ ಫೈಲನ್ನು ಯಾವಾಗ ಅಳಿಸುವುದು? ಪೀಣ್ಯದವರು ಆ ಸೋಮವಾರವೇ ಕೇಳಿದರು. ಡಿಸ್ಕ್ ತುಂಬಿದೆ, ತೆಗೆದುಬಿಡಲಾ ಅಂತ. ಬೇಡ ಅಂದೆ. ಮುಂದಿನ 20ನೇ ತಾರೀಕಿಗೆ ಜಿಎಸ್‌ಟಿಆರ್-3ಬಿ ಹಾಕಬೇಕಿತ್ತು. ಆ ಯಂತ್ರದಿಂದಲೇ ಲೆಕ್ಕ ತೆಗೆದು, ಹಿಂದಿನ ತಿಂಗಳಿನ ಬಿಲ್ಲುಗಳ ಜೊತೆ ತಾಳೆ ನೋಡಿ, ರಿಟರ್ನ್ ಸಲ್ಲಿಸಿ ಆದ ಮೇಲೆ ಅಳಿಸಿ ಅಂದೆ. 21ಕ್ಕೆ ಫೋನ್ ಮಾಡಿ ಅಳಿಸಿದರು.